ಹಣ್ಣಾದ ಬಣ್ಣ

ಬೆಳಗ್ಗೆಯಿಂದ ಅವನಿಗೆ ತನ್ನ ಕೈಗಳ ಮೇಲೇ ಗುಮಾನಿ. ಬಸ್ಸಿನ ಕಂಬಿ ಹಿಡಿದು ಬಂದ ಕೈಯನ್ನು ಆಫೀಸಿಗೆ ಬಂದವನೇ ಎರಡು ಸಲ ಸೋಪು ಹಚ್ಚಿ ತೊಳೆದ, ಒರೆಸಿಕೊಂಡ, ಮೂಸಿ ನೋಡಿದ. ಸೋಪಿನ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. ಆದರೂ ಬೆರಳ ತುದಿಗಳಲ್ಲಿ ಯಾರದೋ ಜಿಡ್ಡು ಉಳಿದಂತೆ ಅನ್ನಿಸಿ ಮೂರನೆಯ ಸಲ ನಲ್ಲಿ ತಿರುಗಿಸುತ್ತಿದ್ದಾಗ, ಮೂರನೇ ಮೇಜಿನ ಹುಡುಗಿ ಬಾಗಿಲಲ್ಲಿ ನಿಂತು, "ಆಯ್ತಾ ಸರ್? ನಾನೂ ತೊಳ್ಕೋಬೇಕು" ಅಂದಳು. ಅವಳ ದನಿಯಲ್ಲಿ ಅವಸರವಿತ್ತೇ ಹೊರತು ಬೇಸರವಿರಲಿಲ್ಲ. ಅವನು ಮಾತ್ರ ಬೈಸಿಕೊಂಡವನಂತೆ ಪಕ್ಕಕ್ಕೆ ಸರಿದ. ಐವತ್ತಾರು ವರ್ಷದವನು ಇಪ್ಪತ್ತೆಂಟರ ಹುಡುಗಿಗೆ ಯಾಕೆ ಹೀಗೆ ದಾರಿ ಬಿಡಬೇಕು ಎಂದು ಆಮೇಲೆ, ಕುರ್ಚಿಯಲ್ಲಿ ಕೂತ ಮೇಲೆ, ಕೋಪ ಬಂತು. ಹಳೆಯ ನಾಣ್ಯಗಳಿಗೆ ದರ್ಜೆ ಕೊಡುವ ಈ ಆಫೀಸಿನಲ್ಲಿ ಅವನನ್ನು ಎಲ್ಲರೂ ಕರೆಯುವುದು ಕಣ್ಣಯ್ಯ ಎಂದು. ಹುಸಿ ಬಣ್ಣ ಹಾಕಿದ ನಾಣ್ಯ ಅವನ ಕಣ್ಣು ತಪ್ಪಿಸಿ ಹೋದದ್ದಿಲ್ಲ ಅನ್ನುವ ಹೊಗಳಿಕೆಯಲ್ಲಿ ಹುಟ್ಟಿದ ಹೆಸರು. ಈಗೀಗ ಅದರಲ್ಲಿ ಹೊಗಳಿಕೆ ಎಷ್ಟು, ಗೇಲಿ ಎಷ್ಟು ಎಂದು ತೂಗಿ ನೋಡುವ ಚಟ ಅಂಟಿಕೊಂಡಿತ್ತು.

ಕಿಟಕಿಯಿಲ್ಲದ ಕೋಣೆ. ಗೋಡೆಗಳಿಗೆ ಬೂದಿ ಬಣ್ಣ. ಮೂರು ಮೇಜು, ಮೇಜಿಗೊಂದು ದೀಪ, ದೀಪದ ಕೆಳಗೆ ಕಪ್ಪು ಬಟ್ಟೆ. ಸಂಗ್ರಹಕಾರರು ಕಳಿಸಿದ ನಾಣ್ಯಗಳು ಹೆಸರಿಲ್ಲದೆ, ಬರೀ ಒಂದು ಅಂಕಿ ಅಂಟಿಸಿದ ಪ್ಲಾಸ್ಟಿಕ್ ಜೇಬಿನಲ್ಲಿ, ಅವನ ಮೇಜಿಂದ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ ಹೋಗುತ್ತವೆ. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಕಾಣಬಾರದು. ಎಪ್ಪತ್ತಕ್ಕೆ ಇಷ್ಟು ಎಂದು ದರ್ಜೆ. ಎಪ್ಪತ್ತೆಂದರೆ ಹುಟ್ಟಿದಾಗಿನ ಹಾಗೇ ಇರುವ ನಾಣ್ಯ, ಅಂಥದನ್ನು ಅವನು ಕಂಡೇ ಇಲ್ಲ. ಗೀರು, ತಿಕ್ಕಾಟ, ಅಚ್ಚಿನ ದೋಷ ಇವನ್ನೆಲ್ಲ ಯಾರಾದರೂ ನೋಡಬಲ್ಲರು. ಕಷ್ಟದ್ದು ಬಣ್ಣ. ಬೆಳ್ಳಿ ಸುಮ್ಮನೆ ಕೂತಿರುವ ಲೋಹವಲ್ಲ. ಗಾಳಿ, ಕಾಗದ, ಮರದ ಪೆಟ್ಟಿಗೆ, ತೇವ, ಎಲ್ಲದರ ಜೊತೆ ಕೊಡುಕೊಳ್ಳುವಿಕೆ ಮಾಡಿಕೊಂಡು ದಶಕಗಳ ಮೇಲೆ ಬಣ್ಣ ಏರಿಸಿಕೊಳ್ಳುತ್ತದೆ. ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದುಗೆಂಪು, ನೇರಳೆ, ಕೊನೆಗೆ ನೀಲಿ. ಅದು ಚೆನ್ನಾಗಿ ಏರಿತೋ, ನೋಡಿದವರು ಉಸಿರು ಹಿಡಿಯುತ್ತಾರೆ, ದರ್ಜೆ ಒಂದು ಮೆಟ್ಟಿಲು ಮೇಲೆ ಹೋಗುತ್ತದೆ. ಕೆಟ್ಟು ಕಪ್ಪಾಯಿತೋ, ಒಳಗಿನ ಹೊಳಪನ್ನೇ ನುಂಗಿ ಕೂರುತ್ತದೆ, ದರ್ಜೆ ಇಳಿಯುತ್ತದೆ. ಇನ್ನು ಯಾರೋ ಅವಸರಕ್ಕೆ ಬಿದ್ದು ಗಂಧಕದ ಹೊಗೆ ಹಾಕಿ ಬಣ್ಣ ಬರಿಸಿದರೋ, ಆ ನಾಣ್ಯಕ್ಕೆ ಅಂಕಿಯೇ ಇಲ್ಲ. 'ಬಣ್ಣ ಅಸಹಜ' ಎಂದು ಎರಡು ಮಾತು ಬರೆದು ವಾಪಸು. ಅಂಥ ಚೀಟಿ ಹೊತ್ತ ನಾಣ್ಯವನ್ನು ಆಮೇಲೆ ಯಾವ ಸಂಗ್ರಹಕಾರನೂ ಸಭೆಯಲ್ಲಿ ಹೊರಗೆ ತೆಗೆಯುವುದಿಲ್ಲ.

ಹತ್ತೂವರೆಯ ಹೊತ್ತಿಗೆ ಅವನ ಕೈಗೆ ಇಪ್ಪತ್ತಮೂರನೆಯ ಜೇಬು ಬಂತು. ಅಂಚು ಹಿಡಿದು ನಾಣ್ಯವನ್ನು ಹೊರತೆಗೆದು ದೀಪಕ್ಕೆ ಓರೆ ಮಾಡಿದ. ನೀಲಿ ಅಂಚಿನಿಂದ ಒಳಕ್ಕೆ ಇಳಿದಿತ್ತು. ಅದರ ಒಳಗೆ ನೇರಳೆ, ಅದರ ಒಳಗೆ ಬೆಂಕಿಯ ಕೆಂಪು, ರಾಜನ ಕೆನ್ನೆಯ ಮೇಲೆ ಮಾತ್ರ ಸಂಜೆಯ ಹಳದಿ. ಚೆಲುವು ಎಂದು ಮನಸ್ಸು ಅಂದುಕೊಳ್ಳುವ ಮೊದಲೇ ಇದು ತನಗೆ ಗೊತ್ತಿರುವ ನಾಣ್ಯ ಅನ್ನಿಸಿತು. ಭೂತಗನ್ನಡಿ ಎತ್ತಿಕೊಂಡು ರಾಜನ ಕಿವಿಯ ಹಿಂದೆ ನೋಡಿದ. ಅಲ್ಲಿ, ಕೂದಲಿನ ಗೆರೆಗಳ ನಡುವೆ, ಸಾಸಿವೆಗಿಂತ ಚಿಕ್ಕದಾದ ಒಂದು ಕಚ್ಚು. ಗಡಿಯಾರ ರಿಪೇರಿಯ ಚಿಮಟ ಜಾರಿ ಆದದ್ದು. "ಅಯ್ಯೋ, ಪಾಪಿ ಕೈ!" ಎಂದು ಭಾವ, ಅಕ್ಕನ ಗಂಡ, ತಮ್ಮ ಕೈಗೆ ತಾವೇ ಹೊಡೆದುಕೊಂಡಿದ್ದರು; ಆಗ ಅವನಿಗೆ ಹದಿನೇಳು, ಪಕ್ಕದಲ್ಲಿ ನಿಂತು ನೋಡಿದ್ದ. ಅವನ ಎದುರಿನ ಮೇಜಿನವನು ಕೆಮ್ಮಿದ. ಕೋಣೆಯಲ್ಲಿ ಮಾತಾಡುವಂತಿಲ್ಲವಾದ್ದರಿಂದ ಒಬ್ಬರ ಕೆಮ್ಮು ಇನ್ನೊಬ್ಬರಿಗೆ ಪ್ರಶ್ನೆಯ ಹಾಗೆ ಕೇಳುತ್ತದೆ. ಅವನು ನಾಣ್ಯವನ್ನು ಹೊರಳಿಸಿದ. ಭಾವ ಇದನ್ನು ಯಾಕೆ ಕಳಿಸಿದರು? ತನಗೆ ಒಂದು ಮಾತು ಹೇಳದೆ?

ಅಮ್ಮ ತೀರಿಕೊಂಡ ಮೇಲೆ ಅಕ್ಕ ಅವನನ್ನು ತನ್ನ ಮನೆಗೆ ಕರೆದುಕೊಂಡು ಹೋಗಿದ್ದಳು. ಭಾವನದು ಗಡಿಯಾರ ರಿಪೇರಿಯ ಅಂಗಡಿ, ಮನೆಯ ಮುಂದಿನ ಕೋಣೆಯಲ್ಲೇ. ಹೆಂಡತಿಯ ತಮ್ಮ ಮನೆಯಲ್ಲಿ ತಿಂದುಕೊಂಡು ಬಿದ್ದಿದ್ದಾನೆ ಎಂದು ಒಮ್ಮೆಯೂ ಮುಖ ಗಂಟಿಕ್ಕದ ಮನುಷ್ಯ. ಬಯ್ದಿದ್ದರೆ ಎಷ್ಟೋ ಸಲೀಸಾಗುತ್ತಿತ್ತು. ಭಾನುವಾರ ಮಧ್ಯಾಹ್ನ ಮರದ ಡ್ರಾಯರ್ ಎಳೆದು, ಕಂದು ಕಾಗದದ ಲಕೋಟೆಯಿಂದ ಈ ನಾಣ್ಯ ತೆಗೆದು, ಅವನ ಕಣ್ಣಿಗೆ ತಮ್ಮ ಭೂತಗನ್ನಡಿ ಕೊಟ್ಟು, "ನೋಡಪ್ಪಾ, ನಮ್ಮಪ್ಪ ಇಟ್ಟಿದ್ದು. ನಲವತ್ತು ವರ್ಷ ಈ ಕಾಗದದ ಜೊತೆ ಸಂಸಾರ ಮಾಡಿದೆ. ಬೆಳ್ಳೀನೂ ಹಣ್ಣಾಗತ್ತೆ, ಗೊತ್ತಾ? ಅವಸರ ಮಾಡಬಾರದು ಅಷ್ಟೆ" ಅನ್ನುತ್ತಿದ್ದರು. ಆಗ ಅದಕ್ಕೆ ಇಷ್ಟು ಬಣ್ಣ ಇರಲಿಲ್ಲ. ಕೆನ್ನೆಯ ಮೇಲೆ ತೆಳು ಹಳದಿ, ಅಂಚಿನಲ್ಲಿ ಉಗುರಿನಷ್ಟು ನೀಲಿ. ಟೈಪಿಂಗ್ ಕ್ಲಾಸಿನ ಗೆಳೆಯನಿಗೆ ತೋರಿಸಿ ದೊಡ್ಡವನಾಗಬೇಕೆಂದು ಅದನ್ನು ಕದ್ದು ಜೇಬಿಗೆ ಹಾಕಿಕೊಂಡು ಹೋದದ್ದು ಒಂದು ಸೋಮವಾರ. ಗೆಳೆಯ, "ಇದೇನೋ ಇದು, ತುಕ್ಕು ಹಿಡಿದಿದೆ" ಎಂದು ನಕ್ಕು, ಆಗಷ್ಟೇ ಏನೋ ಕರಿದದ್ದು ತಿಂದ ಹೆಬ್ಬೆರಳನ್ನು ರಾಜನ ಕೆನ್ನೆಗೆ ಒತ್ತಿದ್ದ. ಮನೆಗೆ ಬಂದು ನೋಡಿದರೆ ಗೆರೆಗೆರೆಯಾಗಿ ಹೆಬ್ಬೆಟ್ಟು ಕೂತಿದೆ. ಭಾವ ಮತ್ತು ಅಕ್ಕ, ಕಾಲು ಮುರಿದುಕೊಂಡ ಭಾವನ ತಾಯಿಯನ್ನು ನೋಡಲು ಮೂರು ದಿನದ ಮಟ್ಟಿಗೆ ಪಕ್ಕದ ಊರಿಗೆ ಹೋಗಿದ್ದರು. ಬೆಳ್ಳಿ ಕೇಸಿನ ಗಡಿಯಾರಗಳಿಗೆ ಹೊಳಪು ಕೊಡಲು ಅಂಗಡಿಯಲ್ಲಿ ಒಂದು ಸೀಸೆ ದ್ರಾವಣವಿತ್ತು. ಹೆಬ್ಬೆಟ್ಟು ಮಾತ್ರ ಹೋಗಲಿ ಎಂದು ಅದ್ದಿದ. ಹತ್ತು ಎಣಿಸಿ ತೆಗೆದ. ಹೆಬ್ಬೆಟ್ಟು ಹೋಗಿತ್ತು, ಅದರ ಜೊತೆಗೆ ಭಾವನ ಅಪ್ಪನ ನಲವತ್ತು ವರ್ಷವೂ ಹೋಗಿತ್ತು. ಚರ್ಮ ಸುಲಿದ ಹಾಗೆ ಬೆಳ್ಳಗೆ, ಕಣ್ಣು ಚುಚ್ಚುವಷ್ಟು ಬೆಳ್ಳಗೆ, ರಾಜ ಅವನ ಅಂಗೈಯಲ್ಲಿ ಮಲಗಿದ್ದ.

ಆ ಮೂರು ದಿನ ಅವನು ಊಟ ಮಾಡಿದ್ದು ನೆನಪಿಲ್ಲ. ಬೇಯಿಸಿದ ಮೊಟ್ಟೆ ತಾಕಿದರೆ ಬೆಳ್ಳಿ ಚಮಚ ಕಪ್ಪಾಗುತ್ತದೆ ಎಂದು ಅಕ್ಕ ಯಾವಾಗಲೋ ಹೇಳಿದ್ದಷ್ಟೇ ನೆನಪಿಗೆ ಬಂತು. ಬಿಸ್ಕತ್ತಿನ ತಗಡಿನ ಡಬ್ಬ, ಬಿಸಿ ಬಿಸಿಯಾಗಿ ಕಿವುಚಿದ ಮೊಟ್ಟೆಯ ಹಳದಿ, ಮೇಲೊಂದು ಜರಡಿ, ಜರಡಿಯ ಮೇಲೆ ನಾಣ್ಯ. ಮುಚ್ಚಳ ಮುಚ್ಚಿ ಗಡಿಯಾರ ನೋಡುತ್ತ ಕೂತ. ಆ ಅಂಗಡಿಯಲ್ಲಿ ಗಡಿಯಾರಗಳಿಗೇನು ಬರ, ಹದಿನಾರು ಗಡಿಯಾರ ಒಂದೊಂದೂ ಒಂದೊಂದು ಹೊತ್ತು ತೋರಿಸುತ್ತಿದ್ದವು. ಮೊದಲ ಸಲ ಕಂದು, ಒರೆಸಿ ಹಾಕಿದ. ಎರಡನೆಯ ಸಲ ಮಚ್ಚೆ. ಮೂರನೆಯ ಸಲ ಮುಚ್ಚಳ ತೆಗೆದಾಗ ಇವೆಲ್ಲ ಬಂದಿದ್ದವು: ನೀಲಿ, ನೇರಳೆ, ಕೆಂಪು, ಹಳದಿ. ನಲವತ್ತು ವರ್ಷ ಮಾಡಲಾರದ್ದನ್ನು ಎರಡು ಮೊಟ್ಟೆ ಒಂದು ಮಧ್ಯಾಹ್ನದಲ್ಲಿ ಮಾಡಿದ್ದವು. ಊರಿಂದ ಬಂದ ಭಾವ ಮುಂದಿನ ಭಾನುವಾರ ಡ್ರಾಯರ್ ಎಳೆದರು. ಅವನು ಬಾಗಿಲ ಹತ್ತಿರ, ಓಡಿಹೋಗಲು ಅನುಕೂಲವಾಗುವಂತೆ, ನಿಂತಿದ್ದ. ಭಾವ ಬಹಳ ಹೊತ್ತು ನೋಡಿದರು. ಭೂತಗನ್ನಡಿ ತೆಗೆದು ಕಣ್ಣೊರೆಸಿಕೊಂಡರು. "ಬಾರೋ ಇಲ್ಲಿ, ಹಣ್ಣಾಗಿಬಿಟ್ಟಿದೆ ನೋಡು! ಈ ಮಳೆಗಾಲದ ತೇವಕ್ಕೆ ಪೂರ್ತಿ ಹಣ್ಣಾಗಿಬಿಟ್ಟಿದೆ. ನಮ್ಮಪ್ಪ ಇದ್ದು ನೋಡಬೇಕಿತ್ತು." ಅವನ ಭುಜ ಹಿಡಿದು ಕುಲುಕಿದರು. ಆಗಲೇ ಹೇಳಬೇಕಿತ್ತು. ಮರುದಿನವೂ ಹೇಳಬಹುದಿತ್ತು. ಹೇಳಲು ಆಗದೇ ಹೋದ ಒಂದೊಂದು ದಿನವೂ ಮುಂದಿನ ದಿನದ ಬಾಯಿಗೆ ಬೀಗ ಹಾಕುತ್ತ ಹೋಯಿತು. ಈ ಆಫೀಸಿನ ಸಂದರ್ಶನದಲ್ಲಿ ಹತ್ತು ನಾಣ್ಯ ಮುಂದಿಟ್ಟು ಹುಸಿ ಬಣ್ಣದವನ್ನು ಹೆಕ್ಕಲು ಹೇಳಿದಾಗ ಅವನು ನಿಮಿಷದೊಳಗೆ ನಾಲ್ಕನ್ನು ಪಕ್ಕಕ್ಕೆ ಸರಿಸಿದ್ದ. ಎಲ್ಲಿ ಕಲಿತಿರಿ ಎಂದು ಕೇಳಿದರು. ನಮ್ಮ ಭಾವ ಕಲಿಸಿದ್ದು ಎಂದಿದ್ದ. ಹಾಗೆಂದಾಗ ಅವನ ಕಿವಿ ಬಿಸಿಯಾಗಿತ್ತು.

ಪರಿಚಯದವರ ನಾಣ್ಯ ಬಂದರೆ ಎದ್ದು ಹೇಳಿ ಪಕ್ಕಕ್ಕೆ ಸರಿಯಬೇಕು, ಅದು ನಿಯಮ. ಅವನು ಏಳಲಿಲ್ಲ. ಎದ್ದರೆ, ಯಾರದು, ಹೇಗೆ ಗುರುತು ಸಿಕ್ಕಿತು ಎಂದು ಮಾತು ಬೆಳೆಯುತ್ತದೆ. ನಾಣ್ಯವನ್ನು ಮತ್ತೆ ಓರೆ ಮಾಡಿದ. ತಾನು ಹಾಕಿದ ಬಣ್ಣದ ಗಡಿಗಳು ಆಗ ಚಾಕುವಿನಲ್ಲಿ ಕೊಯ್ದಂತೆ ಇದ್ದವು. ಆಮೇಲಿನ ಮೂವತ್ತೆಂಟು ವರ್ಷ ಅದೇ ಲಕೋಟೆ, ಅದೇ ಡ್ರಾಯರ್ ತಮ್ಮ ಕೆಲಸ ಮಾಡಿದ್ದವು. ಸುಳ್ಳಿನ ಮೇಲೆ ನಿಜದ ಬಣ್ಣ ತೆಳ್ಳಗೆ ಏರಿ ಗಡಿಗಳನ್ನೆಲ್ಲ ಕರಗಿಸಿತ್ತು. ಎಲ್ಲಿಂದ ಎಲ್ಲಿಯವರೆಗೆ ತನ್ನದು, ಎಲ್ಲಿಂದ ಕಾಲದ್ದು ಎಂದು ಬೇರೆ ಮಾಡಲು ಅವನ ಕೈಯಲ್ಲೂ ಆಗಲಿಲ್ಲ. ಇದು ಬೇರೆ ಯಾರದೋ ನಾಣ್ಯವಾಗಿದ್ದರೆ ಕಣ್ಣುಮುಚ್ಚಿ ಅರವತ್ತಾರು ಬರೆಯುತ್ತಿದ್ದ. ಪೆನ್ನು ತೆಗೆದುಕೊಂಡ. 'ಬಣ್ಣ ಅಸಹಜ' ಎಂದು ಬರೆದ. ಬರೆದದ್ದನ್ನು ನೋಡಿದ ಮೇಲೆ ಗಾಬರಿಯಾಯಿತು. ಇದು ಪ್ರಾಮಾಣಿಕತೆಯೋ, ಇಲ್ಲ, ಒಂದು ಸಲವೂ ಬಯ್ಯದ ಆ ಮನುಷ್ಯನ ಮೇಲೆ ಇಷ್ಟು ವರ್ಷಗಳಿಂದ ಕುದಿಯುತ್ತಿದ್ದ ಕೋಪವೋ? ಚೀಟಿ ಭಾವನ ಕೈ ಸೇರಿದರೆ ಅಕ್ಕ ಅದನ್ನು ಓದಿ ಹೇಳಬೇಕು. ಭಾವನಿಗೆ ಈಗ ಓದಲು ಕಣ್ಣಿಲ್ಲ. ಎರಡೂ ಕಣ್ಣಿನ ನಡುವಿನ ನೋಟ ಹೋಗಿ ಎರಡು ವರ್ಷವಾಯಿತು. ಬದಿಯಲ್ಲಿರುವುದು ಮಸುಕಾಗಿ ಕಾಣುತ್ತದೆ, ನೇರ ನೋಡಿದ್ದು ಮಾಯವಾಗುತ್ತದೆ. ಊಟದ ಹೊತ್ತಿನಲ್ಲಿ ಡಬ್ಬಿ ತೆರೆದು ಮುಚ್ಚಿದ. ಉಳಿದ ಇಬ್ಬರೂ ತನ್ನನ್ನು ಮೀರಿಸಲಿ, ಒಳ್ಳೆಯ ಅಂಕಿ ಕೊಡಲಿ ಎಂದು ಮನಸ್ಸಿನಲ್ಲೇ ಅಂಗಲಾಚಿದ. ಹುಡುಗಿ ಎದುರಿಗೆ ಕೂತು ಸೇಬು ಕಚ್ಚುತ್ತ, "ಇವತ್ತು ಒಂದು ಬಂದಿತ್ತು ನೋಡಿ ಸರ್, ಕೈಯಿಂದ ಕೆಳಗಿಡೋಕೆ ಮನಸ್ಸಾಗ್ಲಿಲ್ಲ" ಅಂದಳು. ಯಾವುದು ಎಂದು ಕೇಳುವಂತಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ.

ಮೂರು ಗಂಟೆಗೆ ಮುಖ್ಯಸ್ಥ ಕರೆಸಿದ. ಅವನಿಗಿಂತ ಹತ್ತು ವರ್ಷ ಚಿಕ್ಕವನು, ಈ ಕೆಲಸ ಕಲಿತದ್ದು ಅವನ ಮೇಜಿನ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು. ಆಗ ಸರ್ ಅನ್ನುತ್ತಿದ್ದ. ಬಡ್ತಿ ಸಿಕ್ಕ ಮಾರನೆಯ ದಿನದಿಂದ ಕಣ್ಣಯ್ಯನೋರೇ ಅನ್ನುತ್ತಾನೆ. ಮೇಜಿನ ಮೇಲೆ ನಾಣ್ಯವಿತ್ತು, ಪಕ್ಕದಲ್ಲಿ ಮೂರು ಚೀಟಿ.

"ಕಣ್ಣಯ್ಯನೋರೇ, ಅವರಿಬ್ರೂ ಅರವತ್ತಾರು ಕೊಟ್ಟಿದಾರೆ. ನೀವು ಹೀಗೆ ಬರೆದಿದೀರಿ. ಎಲ್ಲಿ ಅಂತ ತೋರಿಸ್ತೀರಾ?"

ಅವನು ನಾಣ್ಯ ಎತ್ತಿಕೊಂಡ. ತೋರಿಸಲು ಏನಿತ್ತು? "ಬಣ್ಣ ಮೇಲೆ ಕೂತಿದೆ. ಒಳಗಿಂದ ಬಂದಿಲ್ಲ" ಅಂದ.

"ಅಕ್ಷರದ ಸಂದೀಲೂ ಇಳಿದಿದೆಯಲ್ಲ. ನೋಡಿ, ನೀಲಿ ನೇರಳೆಗೆ ಹೇಗೆ ಕರಗ್ತಾ ಹೋಗಿದೆ. ಇದು ಡಬ್ಬದಲ್ಲಿ ಮಾಡೋ ಕೆಲಸ ಅಲ್ಲ."

"ಡಬ್ಬದಲ್ಲೇ ಮಾಡಿದ್ದು. ಮೊಟ್ಟೇಲಿ."

ಮುಖ್ಯಸ್ಥ ತಲೆ ಎತ್ತಿ ನೋಡಿದ. ನಗು ಬರುತ್ತಿತ್ತು, ತಡೆದುಕೊಂಡ. "ಮೊಟ್ಟೇಲಿ ಅಂತ ಅಷ್ಟು ಖಚಿತವಾಗಿ ಹೇಗೆ ಹೇಳ್ತೀರಿ?"

ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅದು ಹೊರಬಿದ್ದರೆ, ಗುರುತಿನ ನಾಣ್ಯ ಎಂದು ಗೊತ್ತಿದ್ದೂ ಯಾಕೆ ಬರೆದಿರಿ ಎಂಬ ಪ್ರಶ್ನೆ ಅದರ ಬೆನ್ನಿಗೇ ನಿಲ್ಲುತ್ತಿತ್ತು. "ನನಗೆ ಗೊತ್ತು" ಅಂದ. ಅವನ ದನಿ ಅವನಿಗೇ ಹಟ ಹಿಡಿದ ಮಗುವಿನದಂತೆ ಕೇಳಿಸಿತು.

"ಒಂದು ಕಾಲದಲ್ಲಿ ಯಾರೋ ಏನೋ ಮಾಡಿದ್ರು ಅಂತ್ಲೇ ಇಟ್ಕೊಳ್ಳಿ," ಮುಖ್ಯಸ್ಥ ಮೆಲ್ಲಗೆ, ರೋಗಿಯ ಹತ್ತಿರ ಮಾತಾಡುವ ಹಾಗೆ ಅಂದ, "ಈಗ ಸಹಜದಿಂದ ಬೇರೆ ಮಾಡಿ ತೋರಿಸೋಕೆ ಆಗ್ದಿದ್ರೆ ಅದನ್ನ ಸಹಜ ಅಂತ್ಲೇ ಕರೀಬೇಕು. ನಾವು ನೋಡೋದು ನಾಣ್ಯಾನ, ಅದರ ಜಾತಕಾನಲ್ಲ. ಇದು ನೀವೇ ನನಗೆ ಹೇಳಿಕೊಟ್ಟಿದ್ದು." ಸ್ವಲ್ಪ ತಡೆದು, ಪೇಪರ್‌ವೇಟನ್ನು ಅತ್ತಿಂದಿತ್ತ ಸರಿಸಿ, "ಹೋದ ತಿಂಗಳೂ ಆ ಕಂದು ನಾಣ್ಯದಲ್ಲಿ ಹೀಗೇ ಆಯ್ತು. ತಪ್ಪು ತಿಳ್ಕೋಬೇಡಿ. ಒಂದ್ಸಲ ಕಣ್ಣು ತೋರಿಸ್ಕೊಂಡು ಬನ್ನಿ. ಆಫೀಸಿಂದಾನೇ ಬರೆದುಕೊಡ್ತೀನಿ, ಖರ್ಚು ನಿಮ್ಮದಲ್ಲ" ಅಂದ. ನಾಣ್ಯವನ್ನು ಇನ್ನೊಮ್ಮೆ ದೀಪಕ್ಕೆ ಹಿಡಿದು ಅಂತಿಮ ಚೀಟಿಯಲ್ಲಿ ಅರವತ್ತಾರು ಬರೆದು, ಪಕ್ಕದಲ್ಲಿ ಕಣ್ಸೆಳೆವ ಬಣ್ಣಕ್ಕೆ ಕೊಡುವ ನಕ್ಷತ್ರದ ಗುರುತು ಹಾಕಿದ. ತಾನು ಊಟದ ಹೊತ್ತಿನಲ್ಲಿ ಬೇಡಿಕೊಂಡದ್ದೇ ಆಗಿತ್ತು. ಸಂತೋಷ ಬರಲಿಲ್ಲ. ಇಷ್ಟು ವರ್ಷಗಳ ಕೆಲಸದಲ್ಲಿ ಪೂರಾ ನಿಜವೆಂದು ಗೊತ್ತಿದ್ದು ಬರೆದ ಒಂದೇ ಒಂದು ಚೀಟಿಯನ್ನು ಮುಖ್ಯಸ್ಥ ಎರಡಾಗಿ ಮಡಿಸಿ ಬುಟ್ಟಿಗೆ ಹಾಕಿದ.

ಕಣ್ಣಿನ ಡಾಕ್ಟರು ಗಲ್ಲವನ್ನು ಕಬ್ಬಿಣದ ಬಟ್ಟಲಿನಲ್ಲಿ ಇರಿಸಿ, ಹಣೆಯನ್ನು ಪಟ್ಟಿಗೆ ತಾಗಿಸಿ, ಬೆಳಕಿನ ಸೀಳೊಂದನ್ನು ಅವನ ಕಣ್ಣಿನೊಳಗೆ ಹಾಯಿಸಿದರು. ಜನ್ಮವಿಡೀ ನಾಣ್ಯಗಳಿಗೆ ತಾನು ಮಾಡಿದ್ದನ್ನು ಈಗ ತನಗೆ ಮಾಡುತ್ತಿದ್ದಾರೆ ಅನ್ನಿಸಿತು. ಎರಡೂ ಕಣ್ಣಲ್ಲಿ ಪೊರೆ ಶುರುವಾಗಿದೆ, ಕಣ್ಣಿನ ಮಸೂರ ಹಳದಿಗೆ ತಿರುಗಿದೆ ಎಂದರು ಡಾಕ್ಟರು. "ನೀಲಿ, ನೇರಳೆ ಎಲ್ಲ ಸ್ವಲ್ಪ ಮಂಕಾಗಿ ಕಾಣ್ತಿರಬೇಕು ನಿಮಗೆ. ಎರಡು ವರ್ಷದಿಂದಾನೇ ಇರಬಹುದು. ಗಾಬರಿ ಬೇಡ, ವಯಸ್ಸಾದ್ಮೇಲೆ ಎಲ್ಲರಿಗೂ ಬರೋದೇ." ಆ ಎರಡು ವರ್ಷದಲ್ಲಿ ತಾನು ಸಾವಿರಾರು ನಾಣ್ಯಗಳ ಹಣೆಬರಹ ಬರೆದದ್ದನ್ನು ಅವನು ಡಾಕ್ಟರಿಗೆ ಹೇಳಲಿಲ್ಲ. ಅವರು ಕೊಟ್ಟ ಚೀಟಿಯನ್ನು ನಾಲ್ಕಾಗಿ ಮಡಿಸಿ ಅಂಗಿಯ ಜೇಬಿಗಿಟ್ಟುಕೊಂಡು ಬಸ್ ನಿಲ್ದಾಣದವರೆಗೂ ನಡೆದ. ಎದುರಿನ ಅಂಗಡಿಯ ನೀಲಿ ಬಾಗಿಲು ನಿಜಕ್ಕೂ ಎಷ್ಟು ನೀಲಿ ಇರಬಹುದು ಎಂದು ದಾರಿಹೋಕರನ್ನು ಕೇಳಬೇಕೆನ್ನಿಸಿ, ಕೇಳದೆ, ಬಸ್ಸು ಹತ್ತಿದ.

ಅಕ್ಕನ ಫೋನು ಬಂದದ್ದು ಮುಂದಿನ ಶನಿವಾರ. ಪಾರ್ಸಲ್ ಬಂದಿದೆ, ಭಾವ ಕುಣಿಯುವುದೊಂದು ಬಾಕಿ, ನಾಳೆ ಬೆಳಗ್ಗೆ ಬಾ ಎಂದಳು. ಕಣ್ಣಿಗೆ ಪೊರೆ ಬಂದದ್ದನ್ನು, ಆಫೀಸಿನಲ್ಲಿ ಅಂದದ್ದನ್ನು ಅವನು ಮಾತಿನ ನಡುವೆ ಅವಳಿಗೆ ಹೇಳಿದ. ಸುಮ್ಮನೆ ಹೋಗಿ, ಸಂತೋಷಪಟ್ಟಂತೆ ಮಾಡಿ, ಎದ್ದು ಬರಬೇಕೆಂದು ರಾತ್ರಿಯೇ ತೀರ್ಮಾನಿಸಿದ್ದ. ಆದರೆ ಭಾನುವಾರ ಹತ್ತು ಗಂಟೆಗೆ ಆ ಮನೆಯ ಮೆಟ್ಟಿಲು ಹತ್ತುವಾಗಲೇ ತೀರ್ಮಾನ ಜಾರಿಹೋಗಿತ್ತು. ಮುಂದಿನ ಕೋಣೆಯಲ್ಲಿ ಈಗ ಗಡಿಯಾರಗಳಿಲ್ಲ. ಭಾವನ ಕುರ್ಚಿ, ರೇಡಿಯೊ, ಒಂದು ಮಂಚ. ಭಾವ ತಲೆಯನ್ನು ಒಂದು ಬದಿಗೆ ವಾಲಿಸಿ, ಕಣ್ಣಂಚಿನಿಂದ ಬಾಗಿಲನ್ನು ನೋಡಿ, "ನೀನೇನಪ್ಪಾ? ಬಾ ಬಾ, ಚಪ್ಪಲಿ ಸದ್ದಲ್ಲೇ ಗೊತ್ತಾಯ್ತು. ಇರು, ಟೀ ಆಗ್ಲಿ, ಆಮೇಲೆ ಕೂತು ನೋಡೋಣ" ಅಂದರು. ಅವರ ಮಡಿಲಲ್ಲಿ, ಎರಡೂ ಅಂಗೈಗಳ ಕೆಳಗೆ, ಗಟ್ಟಿ ಪ್ಲಾಸ್ಟಿಕ್ಕಿನ ಚಪ್ಪಟೆ ಪೆಟ್ಟಿಗೆಯಿತ್ತು. ಅವನು ಅಡುಗೆಮನೆಗೆ ಹೋದ.

ಅಕ್ಕ ಹಾಲು ಉಕ್ಕದಂತೆ ಕಾಯುತ್ತ ನಿಂತಿದ್ದಳು. ಅವನು ಬಾಗಿಲ ಚೌಕಟ್ಟು ಹಿಡಿದು, "ಅಕ್ಕ, ನಿಂಗೊಂದು ಮಾತು ಹೇಳಬೇಕು. ಆ ನಾಣ್ಯದ್ದು" ಅಂದ.

"ಗೊತ್ತು ಕಣೋ."

"ಏನು ಗೊತ್ತು?"

"ಆರು ಮೊಟ್ಟೆ ಇಟ್ಟು ಹೋಗಿದ್ದೆ, ಬಂದು ನೋಡಿದ್ರೆ ಒಂದೂ ಇಲ್ಲ. ಬಿಸ್ಕತ್ತಿನ ಡಬ್ಬ ತೊಳೆದು ಬಿಸಿಲಿಗೆ ಬೋರಲು ಹಾಕಿದ್ದೆ ನೀನು. ಹುಟ್ಟಿದಾಗಿಂದ ಒಂದು ಲೋಟ ತೊಳೆದೋನಲ್ಲ. ಡ್ರಾಯರ್ ಎಳೆದ್ರೆ ಮೂಗಿಗೆ ಬಡೀತಿತ್ತು ವಾಸನೆ. ಅವರಿಗೆ ಆಗ ನೆಗಡಿ, ನಿನ್ನ ಪುಣ್ಯ." ಅವಳು ಉರಿ ಸಣ್ಣ ಮಾಡಿದಳು. "ಮನೆಗೆ ಬಂದೋರಿಗೆಲ್ಲ ಅದನ್ನ ತೆಗೆದು ತೋರಿಸೋರು. ಮಳೆಗಾಲದ ತೇವದ ಕತೆ ಹೇಳೋರು. ಅವರು ಡ್ರಾಯರ್‌ಗೆ ಕೈ ಹಾಕಿದ್ರೆ ಸಾಕು, ನನಗೆ ಒಳಗೆ ಏನಾದ್ರೂ ಕೆಲಸ ನೆನಪಾಗೋದು."

ಮೂವತ್ತೆಂಟು ವರ್ಷ ತಾನೊಬ್ಬನೇ ಹೊತ್ತಿದ್ದೇನೆ ಅಂದುಕೊಂಡದ್ದರ ಇನ್ನೊಂದು ತುದಿಯನ್ನು ಅಕ್ಕ ಹೆಗಲ ಮೇಲೆ ಇಟ್ಟುಕೊಂಡೇ ಟೀ ಸೋಸುತ್ತಿದ್ದಳು. ಅವನಿಗೆ ಅವಳ ಮೇಲೆ ಸಿಟ್ಟು ಬಂತು, ಯಾಕೆಂದು ತಿಳಿಯಲಿಲ್ಲ. "ಇವತ್ತು ಹೇಳಿಬಿಡ್ತೀನಿ" ಅಂದ.

"ಹೇಳಿ ಏನಾಗ್ಬೇಕು?"

"ಹೇಳಬೇಕು ಅಷ್ಟೆ."

"ನಿನ್ನ ಎದೆ ಮೇಲಿನ ಕಲ್ಲು ಎತ್ತಿ ಅವರ ಎದೆ ಮೇಲೆ ಇಡ್ತೀಯಾ? ಎಪ್ಪತ್ತಾರು ವರ್ಷ ಅವರಿಗೆ. ಎದುರಿಗೆ ನಿಂತ್ರೆ ನನ್ನ ಮುಖ ಕಾಣಲ್ಲ. ಇಟ್ಟುಕೊಳ್ಳೋಕೆ ಇನ್ನು ಜಾಗ ಎಲ್ಲಿದೆ ಅಲ್ಲಿ?" ಲೋಟಗಳನ್ನು ತಟ್ಟೆಯ ಮೇಲಿಟ್ಟು, "ನಡಿ, ಆರತ್ತೆ" ಅಂದಳು.

ಭಾವ ಕುರ್ಚಿಯ ತುದಿಗೆ ಸರಿದು ಕೂತಿದ್ದರು. "ನಿನಗೆ ಹೇಳ್ದೆ ಕಳಿಸಿದ್ದಕ್ಕೆ ಬೇಜಾರು ಮಾಡ್ಕೋಬೇಡ," ಅಂದರು. "ಹೇಳಿದ್ರೆ ನೀನು ಪಕ್ಕಕ್ಕೆ ಸರೀಬೇಕು, ನಿಮ್ಮ ಆಫೀಸಿನ ಕಾನೂನು ಗೊತ್ತಿಲ್ವಾ ನನಗೆ? ಯಾರದೋ ಅನ್ನೋ ಹಾಗೇ ನಿನ್ನ ಕಣ್ಣ ಕೆಳಗೂ ಹಾದು ಬರ್ಲಿ ಅಂತ. ಮಾರೋಕೇನಲ್ಲಪ್ಪಾ. ನನಗೆ ಈಗ ಇದು ಒಂದು ಕಪ್ಪು ಚುಕ್ಕೆ, ಸುತ್ತ ಮಬ್ಬು. ಒಂದೊಂದ್ಸಲ ರಾತ್ರಿ ಮಲಗಿದಾಗ, ನಾನು ಅಷ್ಟು ವರ್ಷ ನೋಡಿದ್ದು ನಿಜವಾಗ್ಲೂ ಇತ್ತಾ ಅಂತ ಅನುಮಾನ ಬರತ್ತೆ. ನಾನು ನೋಡಿದ್ದು ಇತ್ತು ಅಂತ ಯಾರಾದ್ರೂ ಬರೆದುಕೊಡ್ಲಿ ಅನ್ನಿಸ್ತು. ಬರೆದುಕೊಟ್ರು ನೋಡು! ಮೂರೂ ಜನ ಒಪ್ಪಿರಬೇಕು, ಅಲ್ವಾ?"

"ಇಬ್ರು" ಅಂದ ಅವನು. ಮಾತು ಅವನನ್ನು ಕೇಳದೆ ಹೊರಟಿತ್ತು. "ಒಬ್ಬ ಒಪ್ಪಲಿಲ್ಲ. ಅವನು ನಾನು."

ರೇಡಿಯೊದಲ್ಲಿ ಯಾರೋ ಹವಾಮಾನ ಓದುತ್ತಿದ್ದರು. ಭಾವ ಕೈ ಚಾಚಿ ತಡವಿ ಅದನ್ನು ಆರಿಸಿದರು.

"ಭಾವ, ಆ ಬಣ್ಣ ನಾನು ಹಾಕಿದ್ದು. ನೀವು ಅತ್ತೇನ ನೋಡೋಕೆ ಹೋಗಿದ್ರಲ್ಲ, ಅವರು ಕಾಲು ಮುರ್ಕೊಂಡಾಗ. ನಾಣ್ಯ ಕದ್ದು ತಗೊಂಡ್ಹೋಗಿದ್ದೆ. ಹೆಬ್ಬೆಟ್ಟಿನ ಗುರುತು ಬಿತ್ತು. ನಿಮ್ಮ ಸೀಸೇಲಿ ಅದ್ದಿದೆ, ಇದ್ದ ಬಣ್ಣ ಎಲ್ಲ ಹೊರಟುಹೋಯ್ತು. ಆಮೇಲೆ ಮೊಟ್ಟೆ ಬೇಯಿಸಿ, ಡಬ್ಬದಲ್ಲಿ ಇಟ್ಟು, ಮೂರು ಸಲ..." ಹೇಳುತ್ತ ಹೋದಂತೆ ಅದು ಕಟ್ಟುಕತೆಯ ಹಾಗೆ ಕೇಳತೊಡಗಿತು. ಮನಸ್ಸಿನಲ್ಲಿ ಇಷ್ಟು ವರ್ಷ ಭಾರವಾಗಿದ್ದದ್ದು ಬಾಯಲ್ಲಿ ಬರುವಾಗ ಮೊಟ್ಟೆ, ಡಬ್ಬ, ಜರಡಿ ಎಂದು ನಗೆಪಾಟಲಾಗುತ್ತಿತ್ತು. "ಮಳೆಗಾಲದ ತೇವ ಅಲ್ಲ ಭಾವ. ನಾನು."

ಭಾವನ ಕೈಗಳು ಪೆಟ್ಟಿಗೆಯ ಮೇಲೆ ನಿಂತವು. ಅವರು ಮುಖವನ್ನು ನಿಧಾನವಾಗಿ ಪಕ್ಕಕ್ಕೆ ತಿರುಗಿಸಿದರು. ಅವನನ್ನು ಕಣ್ಣಂಚಿನಲ್ಲಿ ಹಿಡಿಯಲು ಹಾಗೆ ತಿರುಗಿಸಬೇಕಾಗಿತ್ತು. ತುಟಿ ಏನೋ ಕೇಳಲು ತೆರೆಯಿತು. ಕೇಳಿದ್ದು ಅವನನ್ನಲ್ಲ. "ಏನೇ ಇದು?" ಎಂದರು, ಅಕ್ಕನ ಉಸಿರಿನ ದಿಕ್ಕಿಗೆ. "ಇವನು ಏನು ಹೇಳ್ತಿದಾನೆ?"

ಅಕ್ಕ ಟೀಯ ತಟ್ಟೆಯನ್ನು ಸ್ಟೂಲಿನ ಮೇಲೆ ಇಟ್ಟಳು. ಒಂದು ಲೋಟ ಎತ್ತಿ ಗಂಡನ ಕೈಗೆ ಹಿಡಿಸಿ, ಬೆರಳುಗಳನ್ನು ಲೋಟದ ಸುತ್ತ ಮಡಿಸಿದಳು. ಅವಳ ದನಿಯಲ್ಲಿ ಒಂದಿಷ್ಟೂ ನಡುಕವಿರಲಿಲ್ಲ.

"ಅವನ ಮಾತು ಕಟ್ಕೊಂಡು! ಅವನಿಗೆ ಕಣ್ಣಿಗೆ ಪೊರೆ ಬಂದಿದೆಯಂತೆ, ಬಣ್ಣ ಸರಿಯಾಗಿ ಕಾಣಲ್ವಂತೆ. ಫೋನಲ್ಲಿ ಹೇಳ್ದ. ಆಫೀಸಲ್ಲೂ ಯಾರೋ ಅಂದ್ರಂತೆ, ಮನಸ್ಸಿಗೆ ಹಚ್ಕೊಂಡುಬಿಟ್ಟಿದಾನೆ. ಹೋದ ಸಲ ಬಂದಾಗ್ಲೂ ಹೀಗೇ, ಏನೇನೋ ತಾನೇ ಮಾಡಿದ್ದು ಅಂತ. ಊರಿಂದ ನಾವು ಬಂದಾಗ ಮನೇಲಿ ಮೊಟ್ಟೆ ಇಟ್ಟಿದ್ದು ಇಟ್ಟ ಹಾಗೇ ಇತ್ತು. ನನಗೆ ಚೆನ್ನಾಗಿ ನೆನಪಿದೆ, ಅವತ್ತೇ ಸಂಜೆ ಬೇಯಿಸಿದ್ದೆನಲ್ಲ."

ಅವನು ಅಕ್ಕನನ್ನು ನೋಡಿದ. ಅವಳು ಅವನನ್ನು ನೇರವಾಗಿ, ಕಣ್ಣು ಮಿಟುಕಿಸದೆ ನೋಡಿದಳು. ಅವಳ ಕಣ್ಣಲ್ಲಿ ಬೇಡಿಕೆಯೂ ಇರಲಿಲ್ಲ, ಬೈಗುಳವೂ ಇರಲಿಲ್ಲ. ಬಾಗಿಲು ಹಾಕಿ ಅಗುಳಿ ಬಿಗಿದವಳ ನೆಮ್ಮದಿಯಿತ್ತು. ಹೇಳಿದ್ದನ್ನೇ ಮತ್ತೆ ಹೇಳಲು ಬಾಯಿ ತೆರೆದ. ಯಾರ ಮಾತಿನ ಆಸರೆಯಿಂದ ಹೇಳುವುದು? ನಾಣ್ಯ ಅವನಿಗೆ ವಿರುದ್ಧ, ಚೀಟಿ ವಿರುದ್ಧ, ಡಾಕ್ಟರ ಕಾಗದ ವಿರುದ್ಧ, ಗೊತ್ತಿದ್ದ ಒಬ್ಬಳೂ ವಿರುದ್ಧ. ಆ ಮೂರು ದಿನ ಭೂಮಿಯ ಮೇಲೆ ನಡೆದೇ ಇರಲಿಲ್ಲ ಅನ್ನುವಷ್ಟು ಗಟ್ಟಿಯಾಗಿ ಎಲ್ಲ ಕೂಡಿಬಂದಿತ್ತು.

"ಹಾಗೋ!" ಭಾವ ಉಸಿರು ಬಿಟ್ಟರು. ಲೋಟವನ್ನು ಬಾಯಿಗೆ ಒಯ್ಯುವಾಗ ಟೀ ಧೋತರದ ಮೇಲೆ ಚೆಲ್ಲಿತು. ಅಕ್ಕ ಸೆರಗಿನಿಂದ ಒರೆಸಿದಳು. "ಪೊರೆಗೆಲ್ಲ ಹೆದರಬೇಡ್ವೋ. ನನಗೆ ಬಂದಿದ್ದು ತೆಗೆಯೋಕೆ ಆಗ್ದಿದ್ದು. ನಿನ್ನದು ತೆಗೆಸ್ಕೊಂಡ್ರೆ ಮೊದಲಿನ ಹಾಗೇ ಕಾಣತ್ತೆ. ಕಣ್ಣು ಹೋಗತ್ತೆ ಅಂದಾಗ ನನಗೂ ಹೀಗೇ ತಲೆ ಕೆಟ್ಟಿತ್ತು, ಕೇಳು ಬೇಕಾದ್ರೆ ನಿಮ್ಮಕ್ಕನ್ನ." ಕೈ ಚಾಚಿ ಅವನ ಮೊಣಕಾಲು ಹುಡುಕಿ ತಟ್ಟಿದರು. ಅಷ್ಟು ಮೆತ್ತಗೆ ತಟ್ಟಿದ್ದು ಅವನಿಗೆ ಸಹಿಸಲಾಗಲಿಲ್ಲ. ಕಾಲು ಹಿಂದಕ್ಕೆಳೆದುಕೊಳ್ಳಲೂ ಆಗಲಿಲ್ಲ.

ಆಮೇಲೆ ಭಾವ ಪೆಟ್ಟಿಗೆಯನ್ನು ಅವನ ಕೈಗೆ ಕೊಟ್ಟರು. "ಕಿಟಕಿ ಹತ್ರ ಹಿಡಿದು ನೋಡು. ಎಷ್ಟು ಕಾಣತ್ತೋ ಅಷ್ಟು ಹೇಳು. ಇವಳಿಗೆ ಹೇಳು ಅಂದ್ರೆ ನೀಲಿ ಇದೆ, ಕೆಂಪಿದೆ ಅಂತ ಎರಡು ಮಾತಲ್ಲಿ ಮುಗಿಸ್ತಾಳೆ. ನೀನಾದ್ರೆ ಸರಿಯಾಗಿ ಹೇಳ್ತೀಯ."

ಅವನು ಎದ್ದು ಕಿಟಕಿಯ ಬಳಿಗೆ ಹೋದ. ಬೀದಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹಾಕುತ್ತಿದ್ದರು. ಪೆಟ್ಟಿಗೆಯನ್ನು ಬೆಳಕಿಗೆ ಓರೆ ಮಾಡಿದ. ಮೇಲ್ಭಾಗದ ಚೀಟಿಯಲ್ಲಿ ಅರವತ್ತಾರು, ನಕ್ಷತ್ರ, ಆಫೀಸಿನ ಮುದ್ರೆ.

"ಅಂಚಲ್ಲಿ ನೀಲಿ ಇದೆ ಭಾವ. ಕಡು ನೀಲಿ. ಎಡಗಡೆ ಸ್ವಲ್ಪ ಅಗಲ, ಬಲಗಡೆ ತೆಳ್ಳಗಾಗ್ತಾ ಹೋಗಿದೆ. ಅಕ್ಷರದ ಬುಡಕ್ಕೆ ಬರೋ ಹೊತ್ತಿಗೆ ನೇರಳೆ ಆಗತ್ತೆ. ಎಲ್ಲಿ ಆಗತ್ತೆ ಅಂತ ಗೊತ್ತಾಗಲ್ಲ. ಆಮೇಲೆ ಕೆಂಪು, ಹಣೆಯಿಂದ ಮೂಗಿನವರೆಗೆ, ಕೆಂಡದ ಮೇಲೆ ಬೂದಿ ಕೂತ ಹಾಗೆ. ಕೆನ್ನೆ ಮೇಲೆ ಹಳದಿ. ಕಿವಿ ಹತ್ರ ಬೆಳ್ಳಿ ಹಾಗೇ ಉಳ್ಕೊಂಡಿದೆ, ಒಂದು ಅಕ್ಕಿಕಾಳಿನಷ್ಟು."

ಭಾವ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಅವನು ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು ತೂಗಿದರು. ಅಕ್ಕ ಖಾಲಿ ಲೋಟ ತೆಗೆದುಕೊಳ್ಳಲು ಬಾಗಿದವಳು ಹಾಗೇ ನಿಂತಿದ್ದಳು.

"ಸ್ವಲ್ಪ ನಿಧಾನವಾಗಿ," ಅಂದರು ಭಾವ. "ಇನ್ನೊಂದ್ಸಲ ಹೇಳಪ್ಪಾ, ಅಂಚಿಂದ."

ಅವನು ಅಂಚಿನಿಂದ ಶುರುಮಾಡಿದ.